ಖಾಲಿ ಹಾಳೆಯ ಕೆಳಗೆ ನನ್ನ ಸಹಿ

ಇಂದಿಗೂ ಬಸ್ಸಿನ ಬಾಗಿಲಲ್ಲಿ ಯಾರಾದರೂ ನನ್ನ ಹಿಂದೆ ನಿಂತರೆ, ಪಕ್ಕಕ್ಕೆ ಸರಿದು ಅವರನ್ನೇ ಮೊದಲು ಇಳಿಯಬಿಡುತ್ತೇನೆ.

ಎಪ್ಪತ್ತರ ದಶಕದ ಕೊನೆ. ರಾಯಚೂರಿನಲ್ಲಿ ಕಾಲೇಜು ಮುಗಿಸಿ ದೇವದುರ್ಗದಲ್ಲಿ ಮಾಸ್ತರನಾಗಿದ್ದೆ. ಒಂದು ಸಂಜೆ ನಾನು ಹತ್ತಿದ ಮಾನ್ವಿ ಬಸ್ಸಿನ ಮುಂದಿನ ಸೀಟಿನಲ್ಲಿ ಮಲ್ಲಟದ ಕೂಲಿ ಹೆಂಗಸೊಬ್ಬಳು ಕುಳಿತಿದ್ದಳು. ಅವಳೂರಿನ ಜಮೀನ್ದಾರನ ಮಗ ಹತ್ತಿದ.

"ನಮ್ಮ ಮುಂದ ಕುಂದ್ರುವಷ್ಟು ದೊಡ್ಡಾಕಿ ಆದೇನು? ಏಳಬೇ."

"ಟಿಕೀಟು ನಾನೂ ತಗೊಂಡೀನಿ," ಎಂದಳು.

ಮಲ್ಲಟ ಬಂದಾಗ ಅವಳು ಬಾಗಿಲಿಗೆ ಹೋದಳು. ಬಸ್ಸು ನಿಲ್ಲುವ ಮೊದಲೇ ಅವನು ಹಿಂದಿನಿಂದ ನೂಕಿದ. ಅವಳ ಸೊಂಟದ ಮೂಳೆ ಮುರಿಯಿತು. ತುಂಬಿದ ಬಸ್ಸಿನಲ್ಲಿ ಅದನ್ನು ಕಂಡೆ ಎನ್ನಲು ಒಪ್ಪಿದವನು ನಾನೊಬ್ಬನೇ.

ಕೋರ್ಟಿಗೆ ಅವಳೇ ದೂರು ಕೊಟ್ಟಳು. ಅವಳ ವಕೀಲ ರಾಯಚೂರಿನವನು. ವಿಚಾರಣೆಗೆ ಮೊದಲು ನಮ್ಮಿಬ್ಬರನ್ನೂ ಕರೆಸಿ ಖಾಲಿ ಹಾಳೆಗಳನ್ನು ಮುಂದಿಟ್ಟ. ಆಗ ಅದೇ ವಾಡಿಕೆ. ಬಂದವರು ಕೆಳಗೆ ಸಹಿ ಹಾಕಿ ಹೋಗುವುದು, ಮೇಲೆ ಬೇಕಾದ್ದನ್ನು ಗುಮಾಸ್ತ ಆಮೇಲೆ ಟೈಪು ಮಾಡುವುದು.

ಅವಳು ಕೈ ಹಿಂದಕ್ಕೆಳೆದುಕೊಂಡಳು. "ಏನೂ ಬರೀದ ಹಾಳಿಗಿ ನಾ ಹೆಬ್ಬಟ್ಟು ಒತ್ತಂಗಿಲ್ರಿ."

"ಬರದ್ರ ನಿನಗ ಓದಾಕ ಬರ್ತದೇನಬೇ?" ವಕೀಲ ನಕ್ಕ.

"ನನಗ ಬರಂಗಿಲ್ಲ. ಮಾಸ್ತರ ಓದಿ ಹೇಳ್ತಾರ."

ಮಾಸ್ತರನೂ ನಕ್ಕ. ನಕ್ಕು, ಎರಡು ಹಾಳೆಗಳಿಗೆ ಸಹಿ ಹಾಕಿದ.

ಮಾನ್ವಿಯ ಕೋರ್ಟಿನಲ್ಲಿ ನಾನು ಕಂಡದ್ದನ್ನೆಲ್ಲ ಹೇಳಿದೆ. ಆಗ ಆ ಕಡೆಯ ವಕೀಲ ಒಂದು ಹಾಳೆ ತೆಗೆದ. ಅವಳು ತಾನೇ ಜಾರಿ ಬಿದ್ದಳೆಂದು ನಾನು ಬರೆದುಕೊಟ್ಟ ಹೇಳಿಕೆಯಂತೆ ಅದು!

"ಸಹಿ ನಿಮ್ಮದೇನ್ರಿ?"

"ನಂದೇ. ಆದ್ರ ನಾ ಸಹಿ ಮಾಡಿದಾಗ ಹಾಳಿ ಖಾಲಿ ಇತ್ತು."

"ಇಷ್ಟು ಓದಿದವ್ರು ಖಾಲಿ ಹಾಳಿಗಿ ಸಹಿ ಹಾಕ್ತೀರೇನು?"

ಎಲ್ಲರೂ ನಕ್ಕರು. ಸುಳ್ಳು ಸಾಕ್ಷಿ ಹೇಳಿದರೆ ಜೈಲಾದೀತೆಂದು ನ್ಯಾಯಾಧೀಶರು ನನ್ನನ್ನೇ ಎಚ್ಚರಿಸಿದರು. ನಾನು ನಮ್ಮ ವಕೀಲನ ಕಡೆ ನೋಡಿದೆ. ಆ ಹಾಳೆ ಅವನ ಮೇಜಿನದು. ಎದ್ದು ಹೇಳಬೇಕಾದವನು ಅವನು. ಅವನು ಕೈಗಡಿಯಾರಕ್ಕೆ ಕೀಲಿ ಕೊಡುತ್ತ ಕುಳಿತಿದ್ದ. ನಂಬಿ ಬಂದವಳ ಪರ ನಿಲ್ಲಬೇಕು, ಅವಳ ಕಾಗದ ಎದುರಾಳಿಯ ಕೈ ಸೇರಬಾರದು. ಆ ಕರಿ ಕೋಟಿಗೆ ಇಷ್ಟೂ ಭಾರವಾಗಿತ್ತೇ?

ಮರಳುವಾಗ ಬಸ್ಸಿನಲ್ಲಿ ಆ ಜಮೀನ್ದಾರನ ಮಗನೂ ಇದ್ದ; ಮಲ್ಲಟ ಬಂದರೂ ಇಳಿಯಲಿಲ್ಲ. ದೇವದುರ್ಗದಲ್ಲಿ ಬಸ್ಸು ಇನ್ನೂ ಓಡುತ್ತಿರುವಾಗಲೇ ನನ್ನ ಬೆನ್ನಿನ ಮೇಲೊಂದು ಅಂಗೈ ಬಿತ್ತು. "ಸಾವಕಾಶ ಇಳೀರಿ ಮಾಸ್ತರ. ಜಾರ್ತದ." ನೂಕಲಿಲ್ಲ. ಬಸ್ಸು ನಿಲ್ಲುವವರೆಗೂ ಕೈ ತೆಗೆಯಲೂ ಇಲ್ಲ.

ಕೇಸು ಬಿದ್ದುಹೋಯಿತು. ವಕೀಲರ ಶಿಸ್ತು ನೋಡುವ ಪರಿಷತ್ತಿಗೆ ಅವಳ ಹೆಸರಿನಲ್ಲಿ ದೂರು ಬರೆದೆ. ಅದಕ್ಕೆ ಪ್ರಮಾಣಪತ್ರ ಬೇಕು, ಪ್ರಮಾಣಪತ್ರಕ್ಕೆ ನೋಟರಿಯ ಮೊಹರು ಬೇಕು, ನೋಟರಿಯೂ ವಕೀಲನೇ. ರಾಯಚೂರಿನಲ್ಲಿ ಒಬ್ಬ ಅದನ್ನು ಓದಿ ಮಡಚಿ ನನ್ನ ಜೇಬಿಗೇ ತುರುಕಿದ. ಇನ್ನೊಬ್ಬ, "ನಾವು ನಾವು ದಿನಾ ಒಬ್ರ ಮಾರಿ ಒಬ್ರು ನೋಡವ್ರು ಅದೀವಿ. ನಿಮಗೇನ್ರಿ, ಪಾಠ ಹೇಳ್ಕೊಂಡು ಇರ್ರಿ," ಎಂದ. ಮೂರನೆಯವನು ವಯಸ್ಸಾದವನು. ಮೊಹರು ಒತ್ತಲು ಒಪ್ಪಿದ. ಅವನ ಮುಂದೆ ಅವಳು ಆ ದೂರನ್ನು ನನ್ನಿಂದ ಎರಡು ಸಲ ಓದಿಸಿ, ಆಮೇಲೆ ಹೆಬ್ಬೆಟ್ಟಿಟ್ಟಳು.

ವರ್ಷಗಳ ಮೇಲೆ ಉತ್ತರ ಬಂತು. ವಕೀಲನಿಗೆ ಛೀಮಾರಿ. ಮಲ್ಲಟಕ್ಕೆ ಹೋಗಿ ಓದಿ ಹೇಳಿದೆ. ಅವಳು ಕೋಲು ಊರಿಕೊಂಡು ಬಾಗಿಲಿಗೆ ಬಂದಿದ್ದಳು.

"ಹಂಗಾದ್ರ ಅಂವ ಇನ್ನ ಕೋರ್ಟಿಗಿ ಬರಂಗಿಲ್ಲೇನ್ರಿ?"

"ಬರ್ತಾನ."

"ನನ್ನ ಕೇಸು ಮತ್ತ ತೆಗಿತಾರೇನು?"

"ಇಲ್ಲ."

ಅವಳು ಕಾಗದವನ್ನು ಕೈಗೆ ತೆಗೆದುಕೊಂಡು ತಿರುಗಿಸಿದಳು. ಹಿಂಬದಿ ಖಾಲಿ ಇತ್ತು.

"ಇದಕ್ಕೂ ಸಹಿ ಹಾಕೀರೇನು ಮಾಸ್ತರ?"