ಗಂಗಾಳದ ಅಂಚಿಗೆ ಸರಿಸಿದ ರೊಟ್ಟಿ

ಹಾಲಿನಲ್ಲಿ ನೆನೆದ ರೊಟ್ಟಿಯ ಅರ್ಧ ಭಾಗ ಗಂಗಾಳದ ಬಲ ಅಂಚಿನಲ್ಲಿ ಉಳಿದಿರುತ್ತಿತ್ತು. ಚದುರಿರುತ್ತಿರಲಿಲ್ಲ. ಚಮಚದ ಬೆನ್ನಿನಿಂದ ಸವರಿ ಕೂಡಿಸಿದ ಹಾಗೆ ಒಂದೇ ಕಡೆ ಒಟ್ಟಾಗಿರುತ್ತಿತ್ತು. ಉಂಡ ಜಾಗಕ್ಕೂ ಉಳಿದ ರೊಟ್ಟಿಗೂ ನಡುವೆ ಸ್ಟೀಲಿನ ತಳ ಹೊಳೆಯುವಷ್ಟು ಅಂತರ. ದಿನವೂ ಅದನ್ನು ನೋಡುತ್ತಿದ್ದೆ. ದಿನವೂ ಗಂಗಾಳವನ್ನು ಅಡುಗೆಮನೆಗೆ ಒಯ್ದು, ಕಟ್ಟೆಯ ಪಕ್ಕ ನಿಂತು, ಉಳಿದದ್ದನ್ನು ತಿಂದು ತೊಳೆದಿಡುತ್ತಿದ್ದೆ.

ಗಂಗಾಳ ಅವ್ವನದು. ಅವಳಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ದವು. ಮಾತು ಒಂದೊಂದೇ ಶಬ್ದವಾಗಿ, ನಡುವೆ ಉಸಿರು ತೆಗೆದುಕೊಂಡು ಬರುತ್ತಿತ್ತು. ನಾನು ಸಿಂದಗಿಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದವಳು ಅದನ್ನು ಬಿಟ್ಟು ಬಾಗೇವಾಡಿಯ ಮನೆಗೆ ಬಂದೆ. ಪಠ್ಯಪುಸ್ತಕಗಳ ಕರಡು ತಿದ್ದುವ ಕೆಲಸವನ್ನು ಮನೆಯಿಂದಲೇ ಮಾಡುತ್ತಿದ್ದೆ. ಅಪ್ಪ ಬಸ್ ಕಂಡಕ್ಟರ್. ಅವನ ಬಸ್ಸು ಒಂದು ದಿನ ಬಿಟ್ಟು ಒಂದು ದಿನ ರಾತ್ರಿ ಮುದ್ದೇಬಿಹಾಳದಲ್ಲೇ ವಸ್ತಿ. ಹೀಗಾಗಿ ಅವ್ವನನ್ನು ಎಬ್ಬಿಸುವುದು, ಕೂಡಿಸುವುದು, ಬಚ್ಚಲಿಗೆ ಒಯ್ಯುವುದು ನನ್ನ ಪಾಲಿಗೆ ಬಂತು. ಯಾರೂ ಹೇರಿದ್ದಲ್ಲ. ನನಗೂ ಅದು ಬೇಕಾಗಿತ್ತು.

ಗಂಗಾಳ ಮುಂದಿಟ್ಟು ನಾನು ಅಡುಗೆಮನೆಗೆ ಹೋದರೆ ಅವ್ವ ಎಡಗೈಯಲ್ಲಿ ಚಮಚ ಹಿಡಿದು ತಾನೇ ಉಣ್ಣುತ್ತಿದ್ದಳು. ನಮ್ಮ ಕಡೆಯ ಜೋಳದ ರೊಟ್ಟಿ ಒಣಗಿ ಕಟಕಾದರೆ ಬುಟ್ಟಿಯಲ್ಲಿ ಎಷ್ಟು ದಿನವಾದರೂ ಇರುತ್ತದೆ. ಹಾಲಿನಲ್ಲಿ ನೆನೆಸಿದ ಮೇಲೆ ಮಾತ್ರ ಅದನ್ನು ಇಡಲು ಬರುವುದಿಲ್ಲ. ಅಲ್ಲೇ ಉಣ್ಣಬೇಕು, ಇಲ್ಲವೇ ಚೆಲ್ಲಬೇಕು. ಚೆಲ್ಲುವುದು ನಮ್ಮ ಮನೆಯಲ್ಲಿ ಇಲ್ಲ. ಅವ್ವ ಬಿಟ್ಟಿದ್ದನ್ನು ನಾನು ತಿಂದದ್ದು ಹೀಗೆ. ಅದನ್ನು ಊಟವೆಂದು ನಾನು ಎಂದೂ ಎಣಿಸಿರಲಿಲ್ಲ. ನನ್ನ ಊಟ ಅದಾದ ಮೇಲೆ, ಬೇರೆ.

ಒಂದು ದಿನ ಅವ್ವನನ್ನು ಮಂಚದಿಂದ ಕುರ್ಚಿಗೆ ಎತ್ತುವಾಗ ನನ್ನ ಸೊಂಟ ಹಿಡಿದುಕೊಂಡಿತು. ಅವಳನ್ನು ಬಿಡುವ ಹಾಗಿಲ್ಲ, ಎತ್ತುವ ಹಾಗೂ ಇಲ್ಲ. ಹಾಗೇ ಬಾಗಿ ನಿಂತೆ. ಅವ್ವ ಎಡಗೈಯಿಂದ ನನ್ನ ಕೊರಳನ್ನು ಬಿಗಿಯಾಗಿ ಹಿಡಿದಿದ್ದಳು. ಹೇಗೋ ಅವಳನ್ನು ಮತ್ತೆ ಮಂಚದ ಮೇಲೆ ಇಳಿಸಿದೆ. ಮರುದಿನ ದವಾಖಾನೆಗೆ ಹೋದೆ. ಡಾಕ್ಟರು ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಮುಳ್ಳನ್ನು ನೋಡಿ, ಕನ್ನಡಕ ತೆಗೆದರು.

"ಗುಳಿಗಿ ಬರದ ಕೊಡ್ತೇನ್ರಿ. ಆದ್ರ ತೂಕಾ ಇಳೀಲಿಲ್ಲಂದ್ರ ಈ ಸೊಂಟ ಇನ್ನೊಬ್ಬರನ್ನ ಎತ್ತಂಗಿಲ್ಲ. ನೀವs ಬಿದ್ರ ನಿಮ್ಮ ತಾಯಿನ್ನ ಯಾರ ಎತ್ತವ್ರು?"

ಅದಕ್ಕೆ ಉತ್ತರ ಇಂಡಿಯಿಂದ ಬಂತು. ಇಂಡಿಯಲ್ಲಿರುವ ಚಿಗವ್ವ, ಅವ್ವನ ತಂಗಿ, ಬಾಳೆಹಣ್ಣಿನ ಚೀಲ ಹಿಡಿದುಕೊಂಡು ಬಂದಳು. ಹೊಸ್ತಿಲಲ್ಲೇ ನಿಂತು ನನ್ನನ್ನು ನೋಡಿದಳು.

"ಏನವಾ ಮಗಳ, ನಿಮ್ಮ ಬಾಗಲಾ ಸಣ್ಣದಾಗೇತೋ, ನೀ ದೊಡ್ಡಾಕಿ ಆಗೀಯೋ?"

ನಾನು ನಕ್ಕೆ. ಇಂಥ ಮಾತಿಗೆ ನಗುವುದನ್ನು ಎಂದೋ ಕಲಿತಿದ್ದೆ. ಸೊಂಟದ ವಿಷಯ ತಿಳಿದ ಮೇಲೆ ಚಿಗವ್ವ ನಗಲಿಲ್ಲ.

"ಅಕ್ಕನ್ನ ನಾ ಕರಕೊಂಡ ಹೋಗ್ತೇನಿ. ನಮ್ಮನ್ಯಾಗ ಇಬ್ಬರು ಸೊಸೆಂದ್ರು ಅದಾರ. ನೀ ಒಬ್ಬಾಕಿ ಎಷ್ಟಂತ ಮಾಡ್ತಿ? ನಿನ್ನ ಮೈ ನಿನಗs ಆಗವಲ್ದು."

ಅವಳ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಅವ್ವನ ಎಡಗೈ ಮಂಚದ ಕಬ್ಬಿಣದ ಪಟ್ಟಿಯನ್ನು ಹಿಡಿದುಕೊಂಡದ್ದನ್ನು ನಾನು ನೋಡಿದೆ. ತನ್ನ ಮಂಚ, ಕಿಟಕಿಯಾಚೆಯ ಬೇವಿನ ಗಿಡ, ವಸ್ತಿಯಿಂದ ಬಂದು ಚಪ್ಪಲಿ ಬಿಡುವ ಅಪ್ಪನ ಸಪ್ಪಳ, ಇಷ್ಟನ್ನು ಅವಳು ಬಿಡಲಾರಳು. ನಾನೂ ಅವಳನ್ನು ಬಿಡಲಾರೆ.

"ಹೋಳಿ ಹುಣ್ಣಿವಿ ತನಕ ನೋಡೂಣು ಚಿಗವ್ವ," ಅಂದೆ. "ಅಷ್ಟರಾಗ ನನಗ ಆಗಲಿಲ್ಲಂದ್ರ ನೀನs ಕರಕೊಂಡ ಹೋಗು."

ಚಿಗವ್ವ ಒಪ್ಪಿದಳು. ಹೋಗುವಾಗ ಬಾಳೆಹಣ್ಣನ್ನು ನನಗೆ ಕೊಡಬೇಡವೆಂದು ಅವ್ವನಿಗೆ ಹೇಳಿದಳು.

ಮೊದಲು ಫೋನಿನಲ್ಲಿ ಒಂದು ಗುಂಪು ಸೇರಿದೆ. ಧಾರವಾಡದಲ್ಲಿ ನನ್ನೊಡನೆ ಓದಿದ್ದವಳೊಬ್ಬಳು ಸೇರಿಸಿದಳು. ಎಲ್ಲರೂ ತೂಕ ಇಳಿಸುವವರೇ. ಬೆಳಗ್ಗೆ ಓಟ್ಸಿನ ಬಟ್ಟಲಿನ ಫೋಟೋ, ಕನ್ನಡಿಯ ಎದುರು ನಿಂತ ಫೋಟೋ. ದಿನಕ್ಕೊಂದು ಗಂಟೆ ನಿಮಗಾಗಿ ಮೀಸಲಿಡಿ ಎಂದು ಗುಂಪು ನಡೆಸುವವರು ಬರೆಯುತ್ತಿದ್ದರು. ಆ ಗಂಟೆಯನ್ನು ಯಾರ ಹತ್ತಿರ ಕೇಳಬೇಕೆಂದು ಮಾತ್ರ ಬರೆದಿರಲಿಲ್ಲ. ನನ್ನ ಫೋಟೋ ಕಳಿಸುವುದಂತೂ ಆಗದ ಮಾತು. ಯಾರಿಗೂ ಹೇಳದೆ ಗುಂಪಿನಿಂದ ಹೊರಬಂದೆ.

ಬೇಕಾದದ್ದು ಸಿಕ್ಕಿದ್ದು ದವಾಖಾನೆಯ ಬೆಂಚಿನ ಮೇಲೆ. ಹಿಂದಿನ ಓಣಿಯ ಆಪಾ ಅಲ್ಲಿ ಕೂತಿದ್ದಳು. ನನಗಿಂತ ದೊಡ್ಡವಳು. ಆಕೆಯ ಅತ್ತೆ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಆಪಾಗೆ ಶುಗರ್ ಇತ್ತು.

"ನಿನಗೂ ನಡೀ ಅಂದ್ರೇನು?" ಎಂದಳು.

"ಹೌದು ಆಪಾ."

"ನನಗೂ ಅಂದ್ರು. ಅಡಗಿಮನಿಯಿಂದ ಬಚ್ಚಲಕ್ಕ, ಬಚ್ಚಲದಿಂದ ಅಡಗಿಮನಿಗೆ ದಿನಾ ಬಿಜಾಪುರ ಮುಟ್ಟುವಷ್ಟ ನಡೀತೇನಿ, ಅದೇನ ಲೆಕ್ಕಕ್ಕಿಲ್ಲೇನ್ರಿ ಅಂತ ಕೇಳ್ಬೇಕನಸ್ತು."

ಇಬ್ಬರೂ ಕೂಡಿ ನಡೆಯೋಣವೇ ಎಂದು ಕೇಳಿದೆ. ನಾನಾಗಿ ಯಾರನ್ನಾದರೂ ಹಾಗೆ ಕೇಳುವುದು ಕಡಿಮೆ. ಆಪಾ ಜೋರಾಗಿ ನಕ್ಕಳು.

"ಶ್ಯಾಣೆ ಇದ್ದಿ! ಇಬ್ಬರೂ ಕೂಡಿ ಹೋದ್ರ ಮನ್ಯಾಗಿನ ಇಬ್ಬರನ್ನ ಯಾರ ನೋಡ್ತಾರ? ನಾ ಹೋದಾಗ ನೀ ಕೂಡು, ನೀ ಹೋದಾಗ ನಾ ಕೂಡ್ತೇನಿ."

ಹಾಗೇ ಆಯಿತು. ಬೆಳಗ್ಗೆ ಅವ್ವ ಇನ್ನೂ ಮಲಗಿರುವಾಗಲೇ, ಅಪ್ಪ ಊರಲ್ಲಿಲ್ಲದಿದ್ದರೆ ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿ, ನಾನು ಆಪಾನ ಮನೆಗೆ ಹೋಗಿ ಅತ್ತೆಯ ಹತ್ತಿರ ಕೂಡುತ್ತಿದ್ದೆ. ಆಪಾ ಚಪ್ಪಲಿ ಮೆಟ್ಟಿ ಹೊರಡುತ್ತಿದ್ದಳು. ಸಂಜೆ ಗಂಡ ಕೆಲಸದಿಂದ ಮನೆಗೆ ಬಂದ ಮೇಲೆ ಅವಳು ಬಂದು ಅವ್ವನ ಹತ್ತಿರ ಕೂತರೆ ನಾನು ಮನಗೂಳಿ ರಸ್ತೆಗೆ ಹೊರಡುತ್ತಿದ್ದೆ. ನಾವಿಬ್ಬರೂ ಜೊತೆಯಾಗಿ ಒಂದು ಹೆಜ್ಜೆಯನ್ನೂ ನಡೆದವರಲ್ಲ.

ಆ ಅತ್ತೆಯನ್ನು ನಾನು ದಾದಿ, ಅಂದರೆ ಅಜ್ಜಿ, ಅನ್ನುತ್ತಿದ್ದೆ. ಅವರು ನನ್ನನ್ನು 'ಪುಸ್ತಕದಾಕಿ' ಅನ್ನುತ್ತಿದ್ದರು, ನಾನು ಕರಡು ಹಿಡಿದುಕೊಂಡು ಹೋಗುತ್ತಿದ್ದೆನಲ್ಲ. ದಿನಾ ಚಾ ಕುಡಿ ಅನ್ನುವರು, ದಿನಾ ನಾನು ಒಲ್ಲೆ ಅನ್ನುವೆ.

"ಯಾಕವಾ, ನಮ್ಮನ್ಯಾಗಿಂದು ನಡ್ಯಂಗಿಲ್ಲೇನು?" ಎಂದು ಒಮ್ಮೆ ನೇರವಾಗಿ ಕೇಳಿಬಿಟ್ಟರು.

"ಹಂಗಲ್ರಿ ದಾದಿ, ಹಂಗಲ್ಲ," ಅಂದೆ. ಕರಡಿನ ಹಾಳೆ ತಿರುವಿದೆ. ನಿಜವಾದ ಕಾರಣ ಬೇರೆ ಇತ್ತು. ಹಿಂದೊಮ್ಮೆ ಮದುವೆಯ ಪಂಕ್ತಿಯಲ್ಲಿ, ಬಡಿಸುತ್ತಿದ್ದವರೊಬ್ಬರು, "ಈಕಿಗೆ ಎರಡನೇ ಹೋಳಗಿ ಕೇಳಬ್ಯಾಡ್ರಿ, ಒಲ್ಲೆ ಅನ್ನಾಕಿ ಅಲ್ಲ" ಎಂದು ನಗಿಸಿದ್ದರು. ಅಂದಿನಿಂದ ನಾಲ್ಕು ಜನರ ಎದುರು ನಾನು ಏನೂ ತಿನ್ನುತ್ತಿರಲಿಲ್ಲ, ಕುಡಿಯುತ್ತಿರಲಿಲ್ಲ. ಮನೆಯಲ್ಲೂ ಅಡುಗೆಮನೆಯ ಕಟ್ಟೆಯ ಪಕ್ಕ, ಬೆನ್ನು ತಿರುಗಿಸಿ ನಿಂತು ಉಣ್ಣುವುದೇ ರೂಢಿಯಾಗಿತ್ತು.

ಸಂಜೆಯ ನಡಿಗೆ ಮಾತ್ರ ಹಗುರಾಗಿತ್ತು. ಎರಡೂ ಕಡೆ ಬಿಳಿಜೋಳ ತೆನೆ ಹಿಡಿಯುತ್ತಿತ್ತು. ಕೈಯಲ್ಲಿ ಚೀಲವಿಲ್ಲದೆ ಊರಾಚೆ ನಡೆಯುವವಳನ್ನು ಕಂಡು ಪರಿಚಯದವರು ಗಾಡಿ ನಿಲ್ಲಿಸುವರು.

"ಎಲ್ಲಿಗ್ರಿ ಅಕ್ಕಾರ? ಬರ್ರಿ, ಬಿಡ್ತೇನಿ."

"ಎಲ್ಲಿಗೂ ಇಲ್ರಿ. ಸುಮ್ನ ನಡ್ಯಾಕತ್ತೇನಿ."

"ಸುಮ್ನ್ಯಾಕ್ರಿ?"

ನಾನು ಕೈ ಬೀಸಿ ಮುಂದೆ ನಡೆಯುವೆ.

ಇಷ್ಟೆಲ್ಲ ನಡೆದರೂ ದವಾಖಾನೆಯ ತೂಕದ ಮುಳ್ಳು ಕದಲಲಿಲ್ಲ. ಏನು ಉಣ್ಣುತ್ತೀರಿ ಎಂದು ಡಾಕ್ಟರು ಕೇಳಿದರು. ಎರಡು ರೊಟ್ಟಿ, ಪಲ್ಲೆ, ಸ್ವಲ್ಪ ಅನ್ನ ಅಂದೆ. ಸುಳ್ಳು ಹೇಳಬೇಕೆಂದಲ್ಲ. ಅವ್ವನ ಗಂಗಾಳದಲ್ಲಿ ಉಳಿದದ್ದು ನನಗೆ ನೆನಪಿಗೇ ಬರಲಿಲ್ಲ. ಜೋಳದ ಕೊಯ್ಲು ಶುರುವಾಯಿತು. ಹೋಳಿಗೆ ಇನ್ನು ಎರಡೇ ತಿಂಗಳಿತ್ತು. ಅವ್ವನನ್ನು ಎತ್ತುವ ಮುಂಚೆ ನಾನು ಒಂದು ಗಳಿಗೆ ನಿಂತು ಉಸಿರು ಹಿಡಿಯುವುದನ್ನು ಅವಳೂ ಗಮನಿಸುತ್ತಿದ್ದಳು.

ಆ ದಿನಗಳಲ್ಲೇ ಒಂದು ಸಂಜೆ ರಸ್ತೆಯಲ್ಲಿ ನನ್ನ ಚಪ್ಪಲಿಯ ಉಂಗುಷ್ಠ ಹರಿಯಿತು. ಬರಿಗಾಲಲ್ಲಿ ನಿಧಾನವಾಗಿ ಬಂದು ಮನೆ ಮುಟ್ಟುವಾಗ ದೀಪ ಹಚ್ಚಿ ಬಹಳ ಹೊತ್ತಾಗಿತ್ತು. ಅವ್ವನ ಊಟದ ಹೊತ್ತು ಮೀರಿತ್ತು. ಗಾಬರಿಯಿಂದ ಒಳಗೆ ಹೋದರೆ ಆಪಾ ತನ್ನ ಡಬ್ಬಿ ಮುಚ್ಚುತ್ತಿದ್ದಳು. ಶುಗರಿನವಳು ಹೊತ್ತಿಗೆ ಸರಿಯಾಗಿ ಉಣ್ಣಬೇಕೆಂದು ರೊಟ್ಟಿ, ಪುಂಡಿಪಲ್ಲೆ ಕಟ್ಟಿಕೊಂಡು ಬರುತ್ತಿದ್ದಳು. ಅವ್ವನ ಮುಂದೆ ಅವಳ ಗಂಗಾಳ. ಬಲ ಅಂಚೂ ಸೇರಿ ಪೂರಾ ಖಾಲಿ.

"ಚೆಲ್ಲಿದ್ಯೇನು ಆಪಾ?"

"ಚೆಲ್ಲಾಕ ನನಗೇನ ಹುಚ್ಚ ಹಿಡದೈತಿ? ನಿಮ್ಮವ್ವ ಉಂಡ್ರು."

"ಪೂರಾ?"

"ಪೂರಾ. ಇಬ್ಬರೂ ಎದುರಾ ಬದರಾ ಕುಂತು ಉಂಡ್ವಿ. ಗಂಗಾಳಾನೂ ತಿಂತಿದ್ರು, ನಾನs ಕಸಗೊಂಡ್ನಿ."

ಅವ್ವ ಬಾಯಿಯ ಎಡಗಡೆಯಿಂದ ನಕ್ಕಳು. ನನಗೆ ಸಮಾಧಾನವಾಗಬೇಕಿತ್ತು. ಆದದ್ದು ಬೇರೆ.

"ನಾ ಕೊಟ್ರ ಒಂದಿನಾನೂ ಪೂರಾ ಉಂಡಿಲ್ಲ," ಅಂದೆ. ಅಷ್ಟು ಸಣ್ಣ ಧ್ವನಿಯಲ್ಲಿ ಅಂದರೂ ಆಪಾಗೆ ಕೇಳಿಸಿತು.

"ಅಕ್ಕಾರ, ನಿಮ್ಮ ಮಗಳು ಸಿಟ್ಟಾಗ್ಯಾಳ ನೋಡ್ರಿ. ಅರ್ಧಾ ಯಾಕ ಬಿಡ್ತೀರಿ, ಹೇಳಿಬಿಡ್ರಿ."

ಅವ್ವನ ಮಾತಿಗೆ ಕಾಯಬೇಕು. ಕಾದೆವು.

"ನೀ... ಉಣ್ಣಂಗಿಲ್ಲ," ಎಂದಳು ನನಗೆ.

"ನಾ ಉಣ್ಣಂಗಿಲ್ಲ?"

"ನೋಡಿಲ್ಲ... ನಾ." ಎಡಗೈಯ ಬೆರಳು ಗಂಗಾಳದ ಬಲ ಅಂಚಿಗೆ ಹೋಗಿ ನಿಂತಿತು. "ಇದು... ನಿನಗ."

ಮನೆಗೆ ಬಂದಾಗಿನಿಂದ ನಾನು ಒಂದು ತುತ್ತು ಉಂಡಿದ್ದನ್ನೂ ಅವ್ವ ಕಂಡಿರಲಿಲ್ಲ. ದುಡಿದು ದಣಿದ ಮಗಳು ತನಗೇನೂ ಮಾಡಿಕೊಳ್ಳದೆ ಹಾಗೇ ಮಲಗುತ್ತಾಳೆಂದು ತಿಳಿದು, ತನ್ನ ರೊಟ್ಟಿಯಲ್ಲಿ ಅರ್ಧವನ್ನು ಬಾರದ ಕೈಯ ಕಡೆಗೆ, ಒಳ್ಳೆಯ ಕೈಯಿಂದ, ಎಂಜಲಾಗದ ಹಾಗೆ ಎತ್ತಿಡುತ್ತಿದ್ದಳು. ಅರ್ಧ ಉಳಿಯುತ್ತದಲ್ಲ, ಅವ್ವನಿಗೆ ಹೊಟ್ಟೆ ತುಂಬುವುದಿಲ್ಲವೇನೋ ಎಂದು ನಾನು ಮರುದಿನ ಇನ್ನಷ್ಟು ರೊಟ್ಟಿ ಮುರಿದು ನೆನೆಸುತ್ತಿದ್ದೆ. ಹೆಚ್ಚು ಕಂಡಷ್ಟೂ ಅವಳು ಹೆಚ್ಚು ಬಿಟ್ಟಳು. ಹೆಚ್ಚು ಬಿಟ್ಟಷ್ಟೂ ನಾನು ಹೆಚ್ಚು ತಿಂದೆ.

ಆಪಾ ಹಣೆ ಬಡಿದುಕೊಂಡಳು. "ಯಾ ಅಲ್ಲಾ! ಒಬ್ಬಾಕಿ ಮಗಳು ಉಪಾಸ ಅದಾಳಂತ ಬಿಡ್ತಾಳ, ಒಬ್ಬಾಕಿ ಅವ್ವ ಬಿಟ್ಲಂತ ತಿಂತಾಳ! ನಡಬರಕ ದವಾಖಾನಿ ತಕ್ಕಡಿಗೆ ಬೈಸ್ಕೊಳ್ಳೂ ಹಣೇಬಾರ!"

ಮೂವರೂ ನಕ್ಕೆವು. ಅವ್ವನಿಗೆ ನಗು ತಡೆಯಲಾಗದೆ ಕೆಮ್ಮು ಬಂತು. ಬೆನ್ನು ನೀವುತ್ತ ನಾನು ಅವಳ ಹಿಂದೆ ಮುಖ ಮರೆಸಿಕೊಂಡೆ.

ಆಪಾ ಹೋದ ಮೇಲೆ ನನ್ನ ಊಟವನ್ನು ಬಡಿಸಿಕೊಂಡು ಬಂದು ಮಂಚದ ಎದುರು ಕೂತೆ. ಮೊದಲ ತುತ್ತು ಎತ್ತುವುದು ಕಷ್ಟವಾಯಿತು. ಅವ್ವ ಒಂದೊಂದು ತುತ್ತನ್ನೂ ನೋಡಿದಳು, ನಾನು ಪರೀಕ್ಷೆ ಬರೆಯುತ್ತಿರುವ ಹಾಗೆ. ಮುಗಿದಾಗ "ಇನ್ನೊಂದು," ಎಂದಳು.

"ಸಾಕವ್ವಾ."

ನಿಜವಾಗಿ ಸಾಕಾಗಿತ್ತು. ಅವಳು ನಂಬಿದಳು.

ಅಂದಿನಿಂದ ಇಬ್ಬರೂ ಎದುರುಬದುರು ಕೂತು ಉಂಡೆವು. ಕೆಲವು ವಾರಗಳಲ್ಲಿ ಮುಳ್ಳು ಕದಲಿತು. ಬಹಳವಲ್ಲ. ಡಾಕ್ಟರು ಕನ್ನಡಕ ತೆಗೆಯುವುದನ್ನು ಬಿಟ್ಟರು. ಅವ್ವನನ್ನು ಎತ್ತುವ ಮುಂಚೆ ಉಸಿರು ಹಿಡಿದು ನಿಲ್ಲುವುದನ್ನು ನಾನೂ ಬಿಟ್ಟಿದ್ದೆ. ಅದು ಬಿಟ್ಟುಹೋದದ್ದು ಯಾವಾಗ ಎಂದು ಗೊತ್ತಾಗಲಿಲ್ಲ.

ಹೋಳಿಗೆ ಮುಂಚೆ ಚಿಗವ್ವ ಬಂದಳು. ಅವ್ವನ ಸೀರೆಗಳನ್ನು ಒಯ್ಯಲು ಖಾಲಿ ಚೀಲವನ್ನೂ ತಂದಿದ್ದಳು. ಹೊಸ್ತಿಲಲ್ಲಿ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಬಾಗಲಾ ದೊಡ್ಡದ ಮಾಡಿಸಿದ್ರೇನು?"

ಈ ಸಲದ ನಗು ನನ್ನದೇ ಆಗಿತ್ತು. ಅವಳು ನೋಡುತ್ತಿರುವಾಗಲೇ ಅವ್ವನ ತೋಳು ನನ್ನ ಕೊರಳಿಗೆ ಹಾಕಿಕೊಂಡು, ಮೊಣಕಾಲು ಬಗ್ಗಿಸಿ, ಎಬ್ಬಿಸಿ ಕುರ್ಚಿಗೆ ಕೂಡಿಸಿದೆ. ಸೊಂಟ ಸುಮ್ಮನಿತ್ತು. ಮಧ್ಯಾಹ್ನ ಮೂರು ಗಂಗಾಳ ಇಟ್ಟೆ.

"ನಮಗ ಬಡಸು ಮೊದಲ, ನೀ ಆಮ್ಯಾಲೆ ಉಣ್ಣಾಕ ಬರತೈತಿ," ಎಂದಳು ಚಿಗವ್ವ. ಎಲ್ಲ ಮನೆಯಲ್ಲೂ ಹೇಳುವ ಮಾತು.

ಅವ್ವ ಚಮಚದಿಂದ ಗಂಗಾಳವನ್ನು ಕುಟ್ಟಿದಳು. "ಕೂಡು," ಎಂದಳು ನನಗೆ.

ಕೂತೆ. ಚಿಗವ್ವ ಅಕ್ಕನನ್ನೂ ನನ್ನನ್ನೂ ನೋಡುತ್ತ ಉಂಡಳು. ಅವ್ವನ ಗಂಗಾಳ ಖಾಲಿಯಾದದ್ದನ್ನೂ ಕಂಡಳು. ಕೈ ತೊಳೆದು ಬಂದು ಕೇಳಿದಳು:

"ಇಂಡಿಗೆ ಬರ್ತಿಯೇನಕ್ಕಾ?"

"ಹಬ್ಬಕ್ಕ," ಎಂದಳು ಅವ್ವ. ಉಸಿರು ತೆಗೆದುಕೊಂಡು, "ಬಂದು... ಹೊಳ್ಳಿ ಬರ್ತೇನಿ."

"ಆತು ಬಿಡು. ನಾ ಏನ ನಿನ್ನ ಕಟ್ಟಿ ಹಾಕ್ತಿದ್ನೇನು?" ಚಿಗವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು, ಖಾಲಿ ಚೀಲವನ್ನು ಝಾಡಿಸಿ ಮಡಚಿದಳು. ಸಂಜೆ ಅಪ್ಪ ಅವಳನ್ನು ಬಸ್ ಸ್ಟ್ಯಾಂಡಿಗೆ ಬಿಟ್ಟು ಬಂದ. ಅವ್ವ ಅಂದು ಬೇಗ ನಿದ್ದೆ ಹೋದಳು. ಕೈ ಕಬ್ಬಿಣದ ಪಟ್ಟಿಯ ಮೇಲಿರಲಿಲ್ಲ, ಎದೆಯ ಮೇಲಿತ್ತು.

ಮರುದಿನ ಬೆಳಗ್ಗೆ ಎಂದಿನಂತೆ ಆಪಾನ ಮನೆಗೆ ಹೋದೆ. ಅವಳು ನಡೆಯಲು ಹೊರಟಳು. ದಾದಿ ಎದ್ದು ಗೋಡೆಗೆ ಒರಗಿದ್ದರು. ಒಲೆಯ ಮೇಲಿದ್ದ ಚಾ ಬಿಸಿ ಮಾಡಿ ಅವರಿಗೆ ಸೋಸಿಕೊಟ್ಟೆ. ಇನ್ನೊಂದು ಕಪ್ಪಿಗೆ ಅರ್ಧ ಸೋಸಿಕೊಂಡು, ಕರಡನ್ನು ಪಕ್ಕಕ್ಕಿಟ್ಟು, ಅವರಿಗೆ ಕಾಣುವ ಹಾಗೆ ಎದುರಿಗೇ ಕೂತು ಕುಡಿದೆ.