ಪುಟ್ಟಮ್ಮ ನೋಡಿದ ಫಾರಿನ್ ರೀಲು

ಹವ್ಯಾಸಕ್ಕೆ ಮೀನು ಹಿಡಿಯೋರಿಗೆ ದುಬಾರಿ ಸಾಮಾನು ಬೇಕಾ ಅಂತ ಯಾರಾದರೂ ಕೇಳಿದರೆ ನಾನು ಪುಟ್ಟಮ್ಮನ ವಿಷಯ ಹೇಳ್ತೀನಿ.

ಆಗ ನನಗೆ ತುಮಕೂರಿನಲ್ಲಿ ಆಫೀಸು ಕೆಲಸ. ಒಂದು ತಿಂಗಳ ಸಂಬಳ ಸುರಿದು ಫಾರಿನ್ ರಾಡು, ಗಾಳದ ದಾರ ಸುತ್ತೋ ರೀಲು ತಂದಿದ್ದೆ. ಭಾನುವಾರ ಮಾರ್ಕೋನಹಳ್ಳಿ ಡ್ಯಾಮಿನ ಹಿನ್ನೀರಲ್ಲಿ ಮಧ್ಯಾಹ್ನದವರೆಗೆ ಕೂತರೂ ಒಂದು ಮೀನೂ ಕಚ್ಚಲಿಲ್ಲ. ಪಕ್ಕದಲ್ಲಿ ಬಿದಿರುಕೋಲು ಹಿಡಿದು ಕೂತಿದ್ದ ಅರವತ್ತರ ಹೆಂಗಸು, ಪುಟ್ಟಮ್ಮ, ಜಿಲೇಬಿ ಮೀನು ಎಳೀತಾನೇ ಇದ್ದರು.

"ಪ್ಲಾಸ್ಟಿಕ್ ಮೀನು ಕಟ್ಟಿದೀಯಲ್ಲಪ್ಪಾ, ಅದನ್ನ ಯಾವ ಮೀನು ತಿಂತದೆ? ತಗೋ" ಅಂತ ರಾಗಿಹಿಟ್ಟಿಗೆ ಕಡ್ಲೆಕಾಯಿ ಹಿಂಡಿ ಕಲಸಿದ ಉಂಡೆ ಕೊಟ್ಟರು.

ಬೇರೆ ಗಾಳ ಕಟ್ಟಿ, ಉಂಡೆ ಸಿಕ್ಕಿಸಿ ಎಸೆದೆ. ಸ್ವಲ್ಪ ಹೊತ್ತಿಗೇ ರೀಲು ಕಿರ್ರ್ ಅಂತ ತಿರುಗಿತು. ಗಾಬರಿಯಲ್ಲಿ ಎಳೆಯೋಕೆ ಹೋದೆ.

"ಎಳೀಬ್ಯಾಡ, ಬುಡು! ಓಡ್ಲಿ, ಸುಸ್ತಾಗ್ಲಿ! ನಾನು ಹಿಂಗೇ ಎಳ್ದು, ಎರಡು ದೊಡ್ಡ ಮೀನು ದಾರ ಕಿತ್ಕೊಂಡು ಹೋದ್ವು."

ಮೀನು ಓಡಿದಷ್ಟೂ ದಾರ ಬಿಟ್ಟೆ, ನಿಂತಾಗ ಸುತ್ತಿಕೊಂಡೆ. ಅರ್ಧ ಗಂಟೆಯಾದ ಮೇಲೆ ದಡಕ್ಕೆ ಬಂದದ್ದು ತೋಳುದ್ದದ ಕಾಟ್ಲಾ. ಪುಟ್ಟಮ್ಮ ಮೀನಿನ ಕಡೆ ನೋಡಲೇ ಇಲ್ಲ. ರೀಲನ್ನು ತಿರುಗಿಸಿ ತಿರುಗಿಸಿ ನೋಡಿ, "ಇದೊಂದು ಇದ್ದಿದ್ರೆ ಆ ಎರಡೂ ನಂದಾಗಿರೋವು" ಅಂದರು.

ದುಬಾರಿ ಸಾಮಾನು ಮೀನನ್ನು ಕರೆಯೋದಿಲ್ಲ, ಆದರೆ ಬಂದ ದೊಡ್ಡ ಮೀನನ್ನು ಕಳಕೊಳ್ಳೋಕೆ ಬಿಡೋದಿಲ್ಲ. ಹಾಗಾಗಿ ರಾಡು ಎಂಥದ್ದಾದರೂ ನಡೆಯುತ್ತೆ, ರೀಲಿನಲ್ಲಿ ಜಿಪುಣತನ ಬೇಡ ಅಂತ ಧೈರ್ಯವಾಗಿ ಹೇಳ್ತೀನಿ.

ಮೀನನ್ನು ಇಬ್ಬರೂ ಹಂಚಿಕೊಂಡೆವು. ಸಾರಿಗೆ ರುಚಿ ಕೊಡೋ ತಲೆ ಯಾರಿಗೆ ಅಂತ ಮಾತ್ರ ಪುಟ್ಟಮ್ಮ ನನ್ನನ್ನು ಕೇಳಲೇ ಇಲ್ಲ, ತಮ್ಮ ಪಾಲಿಗೆ ಹಾಕಿಕೊಂಡರು.