ಅರ್ಧ ಕ್ರಾಪು

ಆ ಬೀದಿಯ ಕ್ಷೌರದಂಗಡಿಗೆ ಜನ ಬರುತ್ತಿದ್ದುದು ಕೂದಲು ಬೆಳೆದದ್ದಕ್ಕಿಂತ ಹೆಚ್ಚಾಗಿ ಅಂಗಡಿಯವನ ಮಾತು ಕೇಳಲು. ಅವನ ಕತ್ತರಿಗೂ ನಾಲಿಗೆಗೂ ಸದಾ ಪೈಪೋಟಿ. ಇದ್ದದ್ದು ಎರಡು ಕುರ್ಚಿ, ಅಂಚು ಕಪ್ಪಾದ ಒಂದು ಕನ್ನಡಿ, ಕಾಯುವವರಿಗೊಂದು ಬೆಂಚು. ಕಟಿಂಗ್ ಮುಗಿದವರೂ ಎದ್ದು ಹೋಗಲು ಮನಸ್ಸಾಗದೆ ಆ ಬೆಂಚಿಗೆ ಅಂಟಿಕೊಂಡಿರುತ್ತಿದ್ದರು. ಊರಿನವರು ಅವನಿಗೆ ಮಾತಿನಮಲ್ಲ ಎಂದು ಹೆಸರಿಟ್ಟಿದ್ದರು. ಅವನೂ ಸುಮ್ಮನಿರದೆ ಊರಿಗೆಲ್ಲ ಒಂದೊಂದು ಹೆಸರಿಟ್ಟಿದ್ದ.

ಹೀಗೆ ಮಗನಿಗೂ ಒಂದು ಹೆಸರು ಬಿತ್ತು. ಕಾಲೇಜಿನ ಎರಡನೇ ವರ್ಷದಲ್ಲಿ ಹುಡುಗ ಹಾಸಿಗೆ ಹಿಡಿದ. ಜ್ವರವಿಲ್ಲ, ಕೆಮ್ಮಿಲ್ಲ, ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ. ಊಟಕ್ಕೆ ಕರೆದರೆ ಆಮೇಲೆ ಎನ್ನುತ್ತಿದ್ದ. ಕೂದಲು ಕುತ್ತಿಗೆಗೆ ಇಳಿಯಿತು. ಗಿರಾಕಿಗಳು ಬಿಡುತ್ತಾರೆಯೇ?

"ಊರೋರ ತಲೆಯೆಲ್ಲ ನೀಟು ಮಾಡ್ತೀಯ, ಮಗನ ತಲೆ ಕಾಡಾಗಿದೆಯಲ್ಲಪ್ಪಾ!"

"ನಮ್ಮ ದೊರೆ ಇನ್ನೂ ಎದ್ದಿಲ್ಲ ಸ್ವಾಮಿ. ಎದ್ದ ಮೇಲೆ ದರ್ಶನ ಕೊಡ್ತಾರಂತೆ."

ಬೆಂಚು ಬಿದ್ದು ಬಿದ್ದು ನಕ್ಕಿತು. ಸೋಮಾರಿಗೆ ನಾಚಿಕೆಯೇ ಮದ್ದು ಎಂದು ಅವನು ನಂಬಿದ್ದ. ಅಂಥ ಮದ್ದಿಗಿಷ್ಟು ಬೆಂಕಿ ಹಾಕ! ದೊರೆ ಎಂಬ ಹೆಸರು ಅಂಗಡಿಯಿಂದ ಬೀದಿಗೆ ಹೋಯಿತು, ಬೀದಿಯಿಂದ ಕಾಲೇಜಿಗೂ ಹೋಯಿತು.

ಒಂದು ಮಧ್ಯಾಹ್ನ ಅಂಗಡಿ ಖಾಲಿಯಿದ್ದಾಗ ಮಗ ತಾನಾಗಿಯೇ ಬಂದು ಕುರ್ಚಿಯಲ್ಲಿ ಕೂತ. ಅಪ್ಪನಿಗೆ ಗೆದ್ದಷ್ಟು ಖುಷಿ. ಬಿಳಿ ಬಟ್ಟೆ ಹೊದಿಸಿ, ನೀರು ಚಿಮುಕಿಸಿ, ಎಡಗಡೆಯಿಂದ ಶುರು ಮಾಡಿದ.

"ಅಂತೂ ದೊರೆಗೆ ಬೆಳಗಾಯ್ತು!"

ಮಗ ನಗಲಿಲ್ಲ. ಎಡಗಡೆ ಮುಗಿಯುವ ಹೊತ್ತಿಗೆ, ಅಪ್ಪನ ಮುಖ ನೋಡಿ ಹೇಳಲಾಗದ್ದನ್ನು ಕನ್ನಡಿಗೆ ಹೇಳಿದ.

"ನಂಗೆ ನಿದ್ದೆನೇ ಬರಲ್ಲ ಅಪ್ಪಾ. ಸುಮ್ನೆ ಬಿದ್ಕೊಂಡಿರ್ತೀನಿ. ಬದುಕಿರೋದೇ ಬೇಡ ಅನ್ಸುತ್ತೆ."

ಕತ್ತರಿ ನಿಂತಿತು.

"ಕಾಲೇಜಲ್ಲಿ ಇಂಥದ್ದಕ್ಕೇ ಅಂತ ಒಬ್ರು ಕೌನ್ಸೆಲರ್ ಮೇಡಂ ಇದಾರೆ. ಮೊನ್ನೆ ಧೈರ್ಯ ಮಾಡಿ ಅವರ ಬಾಗಿಲ ತನಕ ಹೋಗಿದ್ದೆ. ಅಲ್ಲಿ ಆಫೀಸಿನ ಗುಮಾಸ್ತರು ಸಿಕ್ಕಿದ್ರು, ನಿನ್ನ ಗಿರಾಕಿ. 'ಏನ್ ದೊರೆ, ಎದ್ದುಬಿಟ್ರಾ?' ಅಂದ್ರು. ಅಲ್ಲಿದ್ದೋರೆಲ್ಲ ನಕ್ರು. ವಾಪಸ್ ಬಂದ್ಬಿಟ್ಟೆ."

ಮಾತಿನಮಲ್ಲ ನಗಿಸಲೆಂದು ಆಡಿದ ಮಾತು ಮಗನಿಗಿಂತ ಮುಂಚೆ ಹೋಗಿ ಆ ಬಾಗಿಲಿಗೆ ಅಡ್ಡ ನಿಂತಿತ್ತು. ಹೊದಿಸಿದ ಬಟ್ಟೆ ತೆಗೆದ, ಮಗನ ಕುತ್ತಿಗೆ ಒರೆಸಿದ.

"ಏಳು. ಈಗ್ಲೇ ಹೋಗೋಣ," ಎಂದು ಅಂಗಡಿಯ ಬಾಗಿಲೆಳೆದ.

ಕಾಲೇಜಿನಲ್ಲಿ, ಮೇಡಂ ಕೋಣೆಯ ಹತ್ತಿರವೇ, ಅದೇ ಗುಮಾಸ್ತ ಎದುರಾದ. "ಓಹೋ, ದೊರೆ ಸವಾರಿ..." ಎಂದು ಅವನು ಅನ್ನುತ್ತಿದ್ದಂತೆಯೇ ಹುಡುಗ ಹಿಂದೆ ಸರಿದ. ಅಪ್ಪ ಅವನ ರಟ್ಟೆ ಹಿಡಿದುಕೊಂಡ.

"ಆ ಹೆಸರು ಇಟ್ಟೋನು ನಾನು ಸ್ವಾಮಿ. ತಪ್ಪು ನಂದು. ಇನ್ಮೇಲೆ ಯಾರೂ ಹಾಗನ್ಬೇಡಿ. ನನ್ನ ಮಗನಿಗೆ ಹುಷಾರಿಲ್ಲ. ಮೇಡಂ ಹತ್ರ ಕರ್ಕೊಂಡು ಬಂದಿದೀನಿ."

ಗುಮಾಸ್ತನ ಮುಖ ಸಣ್ಣಗಾಯಿತು. ಸರಿದು ದಾರಿ ಬಿಟ್ಟ. ಆದರೆ ಅವನ ಕಣ್ಣು ಹುಡುಗನ ತಲೆಯ ಮೇಲಿತ್ತು. ಆಗ ಅಪ್ಪನೂ ನೋಡಿದ. ಎಡಗಡೆ ನೀಟಾದ ಕ್ರಾಪು, ಬಲಗಡೆ ಕಿವಿ ಮುಚ್ಚುವ ಕೂದಲು. ಜೀವಮಾನದಲ್ಲಿ ಒಂದು ತಲೆಯನ್ನೂ ಅರ್ಧಕ್ಕೆ ಬಿಡದವನು ಸ್ವಂತ ಮಗನನ್ನು ಆ ಅವತಾರದಲ್ಲಿ ಬೀದಿಯುದ್ದಕ್ಕೂ ನಡೆಸಿಕೊಂಡು ಬಂದಿದ್ದ.

ಮಗನೂ ತಲೆ ಮುಟ್ಟಿಕೊಂಡ. "ಅಪ್ಪಾ, ಅರ್ಧನೇ ಆಗಿದೆ. ಮುಗಿಸ್ಕೊಂಡು ನಾಳೆ ಬರೋಣ್ವಾ?"

ನಾಳೆ ಎಂದರೆ ಇವನು ಬರುವುದಿಲ್ಲವೆಂದು ಅಪ್ಪನಿಗೆ ಗೊತ್ತಿತ್ತು.

"ಬೇಡ ಕಣೋ. ಯಾರಾದ್ರೂ ನಕ್ಕರೆ, ಇದನ್ನ ಮಾಡಿದೋನು ನಮ್ಮಪ್ಪ ಅಂತ ಹೇಳು. ಹೋಗು."

ಮಗ ಬಾಗಿಲು ತಟ್ಟಿದ. ಅಪ್ಪ ಹೊರಗೆ ಕೂತ. ಗುಮಾಸ್ತನೂ ಬಂದು ಪಕ್ಕದಲ್ಲಿ ಕೂತ.

ಬಹಳ ಹೊತ್ತಿನ ಮೇಲೆ ಹುಡುಗ ಈಚೆ ಬಂದ. ಅತ್ತು ಕಣ್ಣು ಕೆಂಪಾಗಿತ್ತು. "ಡಾಕ್ಟರ್ ಹತ್ರಾನೂ ಹೋಗ್ಬೇಕಂತೆ. ಬೇಗ ಆಗಲ್ವಂತೆ, ಆದ್ರೆ ಸರಿಹೋಗುತ್ತಂತೆ. ಸದ್ಯಕ್ಕೆ ನನ್ನನ್ನ ಒಬ್ಬನ್ನೇ ಬಿಡಬಾರ್ದಂತೆ. ನಿನ್ನ ಹತ್ರಾನೂ ಮಾತಾಡ್ಬೇಕಂತೆ, ಬಾ."

ಸಂಜೆ ಅಂಗಡಿಯ ಬೆಂಚು ತುಂಬಿತ್ತು. ಮಗ ಕುರ್ಚಿಯಲ್ಲಿ ಕೂತಿದ್ದ. ಅಪ್ಪ ಬಲಗಡೆಯದನ್ನು ನಿಧಾನವಾಗಿ ಕತ್ತರಿಸುತ್ತಿದ್ದ. ಬರಿ ಕತ್ತರಿಯ ಸದ್ದು. ಕಾದು ಕಾದು ಬೆಂಚಿನಿಂದ ಒಬ್ಬ ಕೇಳಿದ, "ಏನಯ್ಯಾ, ಇವತ್ತು ಮಾತೇ ಇಲ್ಲ?"

"ಇವತ್ತು ನನ್ನ ಮಗ ಮಾತಾಡಿದಾನೆ ಸ್ವಾಮಿ," ಎಂದ ಮಾತಿನಮಲ್ಲ. "ನಂದು ಸಾಕು."